ಕಂಪನಿ ಲೆಕ್ಕದಲ್ಲಿನ ಸುಳ್ಳು ಪತ್ತೆ ಮಾಡುವುದು ಹೇಗೆ: ಮಲೆನಾಡಿನ ಹೂಡಿಕೆದಾರರು, ಠೇವಣಿದಾರರು, ಬೆಳೆಗಾರರಿಗೆ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ ಎಪಿಎಂಸಿಯಲ್ಲಿ ರಾಶಿ ಇಡಿ ಅಡಿಕೆ ಮಾರಿದ ದುಡ್ಡು ಮನೆಯಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಒಂದಷ್ಟು ಸೊಸೈಟಿಯ ಬೆಳೆಸಾಲಕ್ಕೆ ಜಮಾ ಆಗುತ್ತದೆ, ಒಂದಷ್ಟು ಎಫ್‌ಡಿಗೆ ಹೋಗುತ್ತದೆ, ಈಚಿನ ವರ್ಷಗಳಲ್ಲಿ ಒಂದಷ್ಟು ಷೇರು ಮತ್ತು ಮ್ಯೂಚುವಲ್ ಫಂಡಿಗೂ ಸೇರುತ್ತದೆ. ಹಾಗಾಗಿ ಸಾಗರ, ತೀರ್ಥಹಳ್ಳಿ, ಹೊಸನಗರದ ಒಳಹಳ್ಳಿಗಳ ಉಳಿತಾಯವೂ ಯಾವುದೋ ಸಂಸ್ಥೆಯ ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ನಿಜ ಹೇಳುತ್ತಿದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಆ ನಂಬಿಕೆಯನ್ನು ಪರೀಕ್ಷಿಸುವ ಕೆಲಸವನ್ನು ಪೂರ್ತಿಯಾಗಿ ಲೆಕ್ಕಪರಿಶೋಧಕರಿಗೆ ಬಿಟ್ಟು ಕೂರುವಂತಿಲ್ಲ. ವಾರ್ಷಿಕ ವರದಿ, ಒಂದು ಕ್ಯಾಲ್ಕ್ಯುಲೇಟರ್, ಎರಡು ಸಂಜೆಯ ಬಿಡುವು ಇದ್ದರೆ ಮುಖ್ಯವಾದ ಪರೀಕ್ಷೆಗಳನ್ನು ಯಾರೂ ಮಾಡಬಹುದು.

ಎಲ್ಲ ಹಂತಗಳ ಹಿಂದೆ ಇರುವ ತತ್ವ ಒಂದೇ. ಲಾಭವನ್ನು ಕಚೇರಿಯೊಳಗೇ ಕುಳಿತು ಬರೆಯಬಹುದು. ಆದರೆ ಹಣ, ಸರಕು, ಗಿರಾಕಿ, ಬ್ಯಾಂಕು ಇವೆಲ್ಲ ಕಚೇರಿಯ ಹೊರಗಿವೆ. ಪುಸ್ತಕದ ಅಂಕಿಯನ್ನು ಹೊರಗಿನ ಒಂದು ಸಾಕ್ಷ್ಯದ ಜೊತೆ ಇಟ್ಟು ನೋಡಿದಾಗಲೇ ಸುಳ್ಳು ಹೊರಬೀಳುತ್ತದೆ.

ಸುಳ್ಳು ಲೆಕ್ಕ ನಮ್ಮೂರಿನವರೆಗೆ ಬರುವ ದಾರಿ

2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ಲೆಕ್ಕದ ಸುಳ್ಳನ್ನು ಒಪ್ಪಿಕೊಂಡರು. ಪುಸ್ತಕದಲ್ಲಿ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕು ಇತ್ತು. ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ. ಹಿಂದಿನ ಸೆಪ್ಟೆಂಬರ್ ತ್ರೈಮಾಸಿಕಕ್ಕೆ 649 ಕೋಟಿ ಕಾರ್ಯಾಚರಣೆ ಲಾಭ ತೋರಿಸಲಾಗಿತ್ತು. ನಿಜವಾದದ್ದು 61 ಕೋಟಿ. ಅಂದೇ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. ಸರ್ಕಾರ ಆಡಳಿತ ಮಂಡಳಿಯನ್ನೇ ಬದಲಿಸಿತು, ಏಪ್ರಿಲ್‌ನಲ್ಲಿ ಟೆಕ್ ಮಹೀಂದ್ರಾ ಕಂಪನಿಯನ್ನು ಕೊಂಡುಕೊಂಡಿತು.

ಷೇರುದಾರರ ನಷ್ಟ ಎಲ್ಲರಿಗೂ ಕಾಣುತ್ತದೆ. ಕಾಣದ ನಷ್ಟ ಸಾಲದ ಪೇಟೆಯಲ್ಲಿ ಆಗುತ್ತದೆ. 2018ರಲ್ಲಿ ಮೂಲಸೌಕರ್ಯಕ್ಕೆ ಹಣಕಾಸು ಒದಗಿಸುವ ಐಎಲ್ ಅಂಡ್ ಎಫ್‌ಎಸ್ ಸಮೂಹ ಸಾಲ ತೀರಿಸಲಾಗದೆ ನಿಂತಿತು. ಸಮೂಹದ ಸಾಲ ಸುಮಾರು 91,000 ಕೋಟಿ, ಅದರ ಸಾಲಪತ್ರಗಳಿಗೆ ಕೆಲವೇ ವಾರಗಳ ಹಿಂದಿನವರೆಗೂ ಅತ್ಯುನ್ನತ ರೇಟಿಂಗ್ ಇತ್ತು. ಮ್ಯೂಚುವಲ್ ಫಂಡ್‌ಗಳು ಬೇರೆ ಹಣಕಾಸು ಕಂಪನಿಗಳ ಅಲ್ಪಾವಧಿ ಪತ್ರಗಳನ್ನು ಕೊಳ್ಳಲೂ ಹಿಂಜರಿದವು. ಹಣಕಾಸು ಕಂಪನಿಗೆ ದುಡ್ಡು ಸಿಗದಿದ್ದರೆ ಟ್ರ್ಯಾಕ್ಟರ್, ಪಿಕಪ್, ಬೈಕು, ಮನೆಗೆ ಸಾಲ ಕೊಡುವುದು ನಿಧಾನವಾಗುತ್ತದೆ. ಮುಂಬೈಯ ಕಂಪನಿಯ ಪುಸ್ತಕದಲ್ಲಿ ಮುಚ್ಚಿಟ್ಟದ್ದಕ್ಕೆ ಶಿಕಾರಿಪುರದ ಶೋರೂಮಿನಲ್ಲಿ ವಾಹನ ಉಳಿಯುವುದು ಹೀಗೆ.

ಇದಕ್ಕಿಂತ ಆಳದ ಪೆಟ್ಟು ಇನ್ನೊಂದಿದೆ. ಸುಳ್ಳು ಲಾಭ ತೋರಿಸಿದವನಿಗೆ ಬಂಡವಾಳ ಅಗ್ಗದಲ್ಲಿ ಸಿಗುತ್ತದೆ, ಅದೇ ಧಂದೆಯಲ್ಲಿ ಪ್ರಾಮಾಣಿಕವಾಗಿ ಶೇ 4 ಲಾಭ ತೋರಿಸುವವನಿಗೆ ಬ್ಯಾಂಕು ಬಾಗಿಲು ಹಾಕುತ್ತದೆ. ನಿಜವಾಗಿ ದುಡಿಯುವ ಘಟಕ ಮುಚ್ಚಿ, ಕಾಗದದ ಮೇಲೆ ದುಡಿಯುವ ಘಟಕ ಬೆಳೆಯುತ್ತದೆ. ಅದೂ ಬಿದ್ದ ದಿನ ಬ್ಯಾಂಕಿನ ವಸೂಲಾಗದ ಸಾಲ ಹೆಚ್ಚುತ್ತದೆ, ಸರ್ಕಾರಿ ಬ್ಯಾಂಕಾದರೆ ಬಂಡವಾಳ ತುಂಬಲು ತೆರಿಗೆದಾರರ ಹಣ ಬೇಕಾಗುತ್ತದೆ, ಉಳಿದ ಸಾಲಗಾರರಿಗೆ ಬಡ್ಡಿ ಮತ್ತು ಜಾಮೀನಿನ ಷರತ್ತು ಬಿಗಿಯಾಗುತ್ತದೆ.

ಹಂತ 1: ಕಾಗದಪತ್ರ ಕೂಡಿಸಿಕೊಳ್ಳಿ

ಕನಿಷ್ಠ ಮೂರು ವರ್ಷದ, ಸಾಧ್ಯವಾದರೆ ಐದು ವರ್ಷದ ವಾರ್ಷಿಕ ವರದಿ ಬೇಕು. ಒಂದೇ ವರ್ಷದ ವರದಿ ನೋಡಿ ಏನನ್ನೂ ಹೇಳಲಾಗದು. ಸುಳ್ಳು ಕಾಣುವುದು ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತದಲ್ಲಿ.

ಷೇರುಪೇಟೆಯಲ್ಲಿರುವ ಕಂಪನಿಯಾದರೆ ಬಿಎಸ್‌ಇ ಅಥವಾ ಎನ್‌ಎಸ್‌ಇ ಜಾಲತಾಣದಲ್ಲಿ ವರದಿಗಳು ಉಚಿತ. ಅಲ್ಲೇ ಷೇರು ಹಂಚಿಕೆಯ ಪಟ್ಟಿಯೂ ಇರುತ್ತದೆ. ಪ್ರವರ್ತಕರು, ಅಂದರೆ ಕಂಪನಿ ಕಟ್ಟಿ ಹಿಡಿತದಲ್ಲಿಟ್ಟುಕೊಂಡವರು, ತಮ್ಮ ಷೇರುಗಳಲ್ಲಿ ಶೇಕಡಾ ಎಷ್ಟನ್ನು ಒತ್ತೆ ಇಟ್ಟಿದ್ದಾರೆ ಎಂಬ ಕಾಲಂ ಗುರುತು ಹಾಕಿಕೊಳ್ಳಿ. ಒತ್ತೆ ಹೆಚ್ಚಿದ್ದಷ್ಟೂ ಷೇರಿನ ಬೆಲೆ ಬೀಳದಂತೆ ನೋಡಿಕೊಳ್ಳುವ ಒತ್ತಡ ಹೆಚ್ಚು.

ಪೇಟೆಯಲ್ಲಿಲ್ಲದ ಖಾಸಗಿ ಕಂಪನಿಯಾದರೆ, ಉದಾಹರಣೆಗೆ ನಿಮ್ಮಿಂದ ಉದ್ರಿಯಲ್ಲಿ ಅಡಿಕೆ, ಕಾಳುಮೆಣಸು ಕೊಳ್ಳುವ ಪ್ರೈವೇಟ್ ಲಿಮಿಟೆಡ್, ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯೊಂದಕ್ಕೆ 100 ರೂಪಾಯಿ ಶುಲ್ಕ ಕಟ್ಟಿ ಸಾರ್ವಜನಿಕ ದಾಖಲೆ ನೋಡಬಹುದು. ಹಣಕಾಸು ವಿವರ ಇರುವುದು ಎಒಸಿ-4 ನಮೂನೆಯಲ್ಲಿ. ವಾರ್ಷಿಕ ಮಹಾಸಭೆ ಆದ 30 ದಿನದೊಳಗೆ ಅದನ್ನು ಸಲ್ಲಿಸಬೇಕು. ಎರಡು ವರ್ಷದಿಂದ ಸಲ್ಲಿಸಿಯೇ ಇಲ್ಲ ಎಂದಾದರೆ ಮುಂದಿನ ಹಂತಗಳವರೆಗೆ ಕಾಯಬೇಡಿ, ಉದ್ರಿ ಕೊಡುವುದನ್ನು ಅಲ್ಲೇ ನಿಲ್ಲಿಸಿ. ಕಂಪನಿ ಮಾಡಿಕೊಂಡ ಸಾಲಗಳಿಗೆ ಯಾವ ಆಸ್ತಿ ಅಡವಿದೆ ಎಂಬ ‘ಚಾರ್ಜ್’ ಪಟ್ಟಿಯೂ ಅದೇ ಜಾಲತಾಣದಲ್ಲಿದೆ. ಗೋದಾಮಿನ ದಾಸ್ತಾನೇ ಬ್ಯಾಂಕಿಗೆ ಅಡವಿದ್ದರೆ, ಕಂಪನಿ ಮುಳುಗಿದ ದಿನ ಉದ್ರಿ ಕೊಟ್ಟ ಬೆಳೆಗಾರನ ಸರದಿ ಬ್ಯಾಂಕಿನ ಹಿಂದೆ.

ಹಂತ 2: ಹಿಂದಿನ ಪುಟಗಳಿಂದ ಓದಲು ಶುರು ಮಾಡಿ

ವರದಿಯ ಮುಂದಿನ ಅರ್ಧ, ಬಣ್ಣದ ಚಿತ್ರ ಮತ್ತು ಅಧ್ಯಕ್ಷರ ಮಾತು, ಸದ್ಯಕ್ಕೆ ಬಿಡಿ. ನೇರ ಲೆಕ್ಕಪರಿಶೋಧಕರ ವರದಿಗೆ ಬನ್ನಿ. ಅಭಿಪ್ರಾಯದ ತಲೆಬರಹ ಬರಿಯ ‘ಒಪಿನಿಯನ್’ ಎಂದಿದ್ದರೆ ಶುದ್ಧ ವರದಿ. ‘ಕ್ವಾಲಿಫೈಡ್’ ಎಂದರೆ ಒಂದು ವಿಷಯ ಹೊರತು ಉಳಿದದ್ದು ಸರಿ. ‘ಅಡ್ವರ್ಸ್’ ಎಂದರೆ ಲೆಕ್ಕ ನಂಬುವಂತಿಲ್ಲ. ‘ಡಿಸ್‌ಕ್ಲೇಮರ್’ ಎಂದರೆ ಅಭಿಪ್ರಾಯ ಹೇಳಲು ಬೇಕಾದ ದಾಖಲೆಯೇ ಸಿಗಲಿಲ್ಲ. ‘ಗೋಯಿಂಗ್ ಕನ್ಸರ್ನ್’ ಬಗ್ಗೆ ಅನುಮಾನದ ಪ್ಯಾರಾ ಇದ್ದರೆ ಕಂಪನಿ ಮುಂದೆ ನಡೆಯುವುದೇ ಅನಿಶ್ಚಿತ ಎಂದರ್ಥ.

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಮಾಹಿತಿ ಇರುವುದು ಇದರ ಬೆನ್ನಿಗಿರುವ ‘ಕಾರೋ 2020’ (ಕಂಪನಿ ಲೆಕ್ಕಪರಿಶೋಧಕರ ವರದಿ ಆದೇಶ) ಅನುಬಂಧದಲ್ಲಿ. ಬ್ಯಾಂಕು, ವಿಮೆ ಮತ್ತು ಸಣ್ಣ ಕಂಪನಿಗಳನ್ನು ಬಿಟ್ಟು ಹೆಚ್ಚಿನ ಕಂಪನಿಗಳಿಗೆ ಇದು ಕಡ್ಡಾಯ. ನಾಲ್ಕು ಕಲಮು ತಪ್ಪದೆ ಓದಿ. ಎರಡನೆಯದು ದಾಸ್ತಾನಿನದು: ಎಣಿಸಿದಾಗ ಶೇ 10 ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂತೇ, ಹಾಗೂ 5 ಕೋಟಿಗಿಂತ ಹೆಚ್ಚು ದುಡಿಯುವ ಬಂಡವಾಳ ಮಂಜೂರಾಗಿದ್ದರೆ ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ಪಟ್ಟಿ ಪುಸ್ತಕಕ್ಕೆ ತಾಳೆಯಾಗುತ್ತದೆಯೇ ಎಂದು ಹೇಳಬೇಕು. ಬ್ಯಾಂಕಿಗೆ 22 ಕೋಟಿ ದಾಸ್ತಾನು ಎಂದು ಬರೆದುಕೊಟ್ಟು ಪುಸ್ತಕದಲ್ಲಿ 16 ಕೋಟಿ ಇದ್ದರೆ, ಎರಡರಲ್ಲಿ ಒಂದಂತೂ ಸುಳ್ಳು. ಏಳನೆಯದು ಪಿಎಫ್, ಜಿಎಸ್‌ಟಿ, ಟಿಡಿಎಸ್ ಬಾಕಿ. ಕಾಗದದಲ್ಲಿ ಲಾಭ ಕುದುರಿಸುವ ಕಂಪನಿ ಕಾರ್ಮಿಕರ ಪಿಎಫ್ ಕಟ್ಟಿಲ್ಲದಿದ್ದರೆ ಕೈಯಲ್ಲಿ ಹಣವಿಲ್ಲ. ಒಂಬತ್ತನೆಯದು ಸಾಲದ ಕಂತು ತಪ್ಪಿದ್ದು. ಹದಿನೆಂಟನೆಯದು ವರ್ಷದ ನಡುವೆ ಲೆಕ್ಕಪರಿಶೋಧಕರು ರಾಜೀನಾಮೆ ಕೊಟ್ಟ ವಿಚಾರ. ಮಾರ್ಚ್ ಮುಗಿದು ಲೆಕ್ಕಕ್ಕೆ ಸಹಿ ಹಾಕಬೇಕಾದ ಹೊತ್ತಿಗೆ ಆಡಿಟರ್ ಬಿಟ್ಟುಹೋದರೆ ‘ಬೇರೆ ಕೆಲಸದ ಒತ್ತಡ’ ಎಂಬ ಕಾರಣವನ್ನು ಹಾಗೇ ಒಪ್ಪಿಕೊಳ್ಳಬೇಡಿ.

ಹಂತ 3: ಲಾಭವನ್ನು ನಗದಿನ ಪಕ್ಕ ಇಡಿ

ಒಂದೇ ಪರೀಕ್ಷೆಗೆ ಸಮಯವಿದ್ದರೆ ಇದನ್ನು ಮಾಡಿ. ‘ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್’ನಲ್ಲಿ ಮೊದಲ ಭಾಗದ ಕೊನೆಯ ಸಾಲು, ಕಾರ್ಯಾಚರಣೆಯಿಂದ ಬಂದ ನಗದು, ಬರೆದುಕೊಳ್ಳಿ. ಸಣ್ಣ ಕಂಪನಿಗಳಿಗೆ ಈ ಪಟ್ಟಿ ಕಡ್ಡಾಯವಲ್ಲ, ಆಗ ನೀವೇ ಅಂದಾಜು ಮಾಡಬಹುದು: ನಿವ್ವಳ ಲಾಭಕ್ಕೆ ಸವಕಳಿ (ಯಂತ್ರ, ಕಟ್ಟಡ ಹಳತಾದದ್ದಕ್ಕೆ ಬರೆಯುವ, ಹಣ ಹೊರಹೋಗದ ಖರ್ಚು) ಕೂಡಿಸಿ, ಬರತಕ್ಕ ಬಾಕಿ ಮತ್ತು ದಾಸ್ತಾನು ಹಿಂದಿನ ವರ್ಷಕ್ಕಿಂತ ಹೆಚ್ಚಿದಷ್ಟು ಕಳೆಯಿರಿ, ಕೊಡತಕ್ಕ ಬಾಕಿ ಹೆಚ್ಚಿದಷ್ಟು ಕೂಡಿಸಿ.

ಕಲ್ಪಿತ ಅಡಿಕೆ ಸಂಸ್ಕರಣಾ ಕಂಪನಿಯೊಂದನ್ನು ತೆಗೆದುಕೊಳ್ಳೋಣ. ಮೂರು ವರ್ಷದ ಮಾರಾಟ 40, 52, 70 ಕೋಟಿ. ಲಾಭ 3, 4.2, 6 ಕೋಟಿ. ಇಷ್ಟೇ ನೋಡಿದವರು ಕಣ್ಣು ಮುಚ್ಚಿ ಹಣ ಹಾಕುತ್ತಾರೆ. ಮೂರನೇ ವರ್ಷದ ನಗದು ಲೆಕ್ಕ ಹೀಗಿದೆ: ಲಾಭ 6, ಸವಕಳಿ 1, ಒಟ್ಟು 7. ಗಿರಾಕಿಗಳಿಂದ ಬರಬೇಕಾದದ್ದು 12ರಿಂದ 24 ಕೋಟಿಗೆ ಏರಿದೆ, 12 ಕಳೆಯಿರಿ. ದಾಸ್ತಾನು 13ರಿಂದ 18ಕ್ಕೆ, 5 ಕಳೆಯಿರಿ. ಬೆಳೆಗಾರರಿಗೆ, ವರ್ತಕರಿಗೆ ಕೊಡಬೇಕಾದದ್ದು 6 ಕೋಟಿ ಹೆಚ್ಚಿದೆ, ಕೂಡಿಸಿ. ಉಳಿದದ್ದು ಮೈನಸ್ 4 ಕೋಟಿ. ಮೊದಲೆರಡು ವರ್ಷ ಬಂದ ನಗದು 2.6 ಮತ್ತು 0.8 ಕೋಟಿ ಎಂದುಕೊಂಡರೆ, ಮೂರು ವರ್ಷದಲ್ಲಿ ತೋರಿಸಿದ ಲಾಭ 13.2 ಕೋಟಿ, ಕೈಗೆ ಬಂದ ನಗದು ಸೊನ್ನೆಗಿಂತ 60 ಲಕ್ಷ ಕಡಿಮೆ.

ಇದರಿಂದಲೇ ಮೋಸ ಎಂದು ತೀರ್ಮಾನಿಸಬೇಡಿ. ವೇಗವಾಗಿ ಬೆಳೆಯುವ ಕಂಪನಿಯಲ್ಲಿ ಒಂದೆರಡು ವರ್ಷ ಹಣ ಉದ್ರಿಯಲ್ಲೂ ದಾಸ್ತಾನಿನಲ್ಲೂ ಸಿಕ್ಕಿಕೊಳ್ಳುವುದು ಸಹಜ. ಆದರೆ ಮೂರರಿಂದ ಐದು ವರ್ಷ ಕೂಡಿಸಿದಾಗ ನಗದು ಲಾಭದ ಹತ್ತಿರಕ್ಕೂ ಬಾರದಿದ್ದರೆ ಉತ್ತರ ಕೇಳಲೇಬೇಕು. ಅಂಥ ಕಂಪನಿ ಡಿವಿಡೆಂಡ್ ಕೂಡ ಹಂಚುತ್ತಿದ್ದರೆ ಅದು ಹೆಚ್ಚಾಗಿ ಸಾಲದ ದುಡ್ಡು.

ಇನ್ನೊಂದು ಕೈಚಳಕ ಖರ್ಚನ್ನೇ ಆಸ್ತಿ ಎಂದು ಬರೆಯುವುದು. ಅಮೆರಿಕದ ವರ್ಲ್ಡ್‌ಕಾಮ್ 2002ರಲ್ಲಿ ಸಿಕ್ಕಿಬಿದ್ದದ್ದು ಇದರಲ್ಲೇ: ಬೇರೆ ಕಂಪನಿಗಳ ದೂರವಾಣಿ ಮಾರ್ಗ ಬಳಸಿದ್ದಕ್ಕೆ ಕಟ್ಟುವ ದಿನನಿತ್ಯದ ಬಾಡಿಗೆಯನ್ನು ಬಂಡವಾಳ ಆಸ್ತಿಗೆ ಹಾಕಿ ಲಾಭ ಉಬ್ಬಿಸಿತ್ತು. ಹೀಗೆ ಮಾಡಿದಾಗ ಕಾರ್ಯಾಚರಣೆಯ ನಗದೂ ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಖರ್ಚು ಹೂಡಿಕೆಯ ಭಾಗಕ್ಕೆ ಜಾರಿರುತ್ತದೆ. ಆದ್ದರಿಂದ ‘ಕ್ಯಾಪಿಟಲ್ ವರ್ಕ್ ಇನ್ ಪ್ರೋಗ್ರೆಸ್’ ಟಿಪ್ಪಣಿಯನ್ನು ತೆರೆಯಿರಿ. ಕಾಮಗಾರಿ ಎಷ್ಟು ವರ್ಷದಿಂದ ನಡೆಯುತ್ತಿದೆ ಎಂಬ ಪಟ್ಟಿಯನ್ನು ಈಗ ಕೊಡಲೇಬೇಕು. ಮೂರು ವರ್ಷ ದಾಟಿಯೂ ಮುಗಿಯದ ಶೆಡ್ಡು, ಯಂತ್ರ ಇದ್ದರೆ ಸ್ಥಳಕ್ಕೆ ಹೋಗಿ ನೋಡಬಹುದಾದ ವಿಷಯ ಅದು.

ಹಂತ 4: ಮಾರಾಟ ನಿಜವೇ, ಗಿರಾಕಿ ನಿಜವೇ

ಬರತಕ್ಕ ಬಾಕಿಯನ್ನು ವರ್ಷದ ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿ. ಗಿರಾಕಿ ಸರಾಸರಿ ಎಷ್ಟು ದಿನಕ್ಕೆ ಹಣ ಕೊಡುತ್ತಾನೆ ಎಂಬುದು ಸಿಗುತ್ತದೆ. ಮೇಲಿನ ಕಂಪನಿಯಲ್ಲಿ ಮೊದಲ ವರ್ಷದ ಬಾಕಿ 6 ಕೋಟಿ ಎಂದಿಟ್ಟುಕೊಂಡರೆ 55 ದಿನ. ಎರಡನೇ ವರ್ಷ 84. ಮೂರನೇ ವರ್ಷ 125. ಧಂದೆಯ ರೂಢಿ ಬದಲಾಗದೆ ಈ ಸಂಖ್ಯೆ ಇಷ್ಟು ಏರಿದರೆ ಎರಡೇ ಸಾಧ್ಯತೆ: ದುಡ್ಡು ಕೊಡಲಾಗದವರಿಗೆ ಮಾಲು ತಳ್ಳುತ್ತಿದ್ದಾರೆ, ಇಲ್ಲವೇ ಕೊಳ್ಳುವವರೇ ಇಲ್ಲ. ಸತ್ಯಂ ಪ್ರಕರಣದಲ್ಲಿ ಸಿಬಿಐ ಪತ್ತೆ ಮಾಡಿದ ನಕಲಿ ಇನ್‌ವಾಯ್ಸ್‌ಗಳು 7,561.

ಬಾಕಿಯ ವಯಸ್ಸಿನ ಪಟ್ಟಿ ಟಿಪ್ಪಣಿಗಳಲ್ಲಿ ಇರುತ್ತದೆ: ಆರು ತಿಂಗಳೊಳಗಿನದು, ಒಂದು ವರ್ಷದೊಳಗಿನದು, ಎರಡು, ಮೂರು, ಅದಕ್ಕೂ ಹಳೆಯದು. ಹಳೆಯ ಕಾಲಂಗಳಲ್ಲಿ ಮೊತ್ತ ದೊಡ್ಡದಾಗುತ್ತಿದ್ದು, ಅದಕ್ಕೆ ತಕ್ಕ ಹಾಗೆ ಮುಳುಗುವ ಸಾಲಕ್ಕೆ ತೆಗೆದಿಟ್ಟ ಮೊತ್ತ ಏರದಿದ್ದರೆ ಲಾಭ ಅಷ್ಟರಮಟ್ಟಿಗೆ ಸುಳ್ಳು.

ಮಾರ್ಚ್ ಕೊನೆಯ ವಾರದ ಮಾರಾಟದ ಮೇಲೆ ಕಣ್ಣಿಡಿ. ಮಾರ್ಚ್ 28ಕ್ಕೆ ಬಿಲ್ಲು ಹರಿದು ಏಪ್ರಿಲ್ ಎರಡನೇ ವಾರ ಮಾಲು ವಾಪಸು ಬಂತೆಂದು ಕ್ರೆಡಿಟ್ ನೋಟ್ ಹಾಕುವುದು ಬಹಳ ಹಳೆಯ ತಂತ್ರ. ಲೆಕ್ಕ ನೋಡುವ ಅಧಿಕಾರ ನಿಮಗಿದ್ದರೆ ಏಪ್ರಿಲ್ ಮತ್ತು ಮೇ ತಿಂಗಳ ಕ್ರೆಡಿಟ್ ನೋಟ್ ಫೈಲನ್ನೇ ಮೊದಲು ಕೇಳಿ. 50,000 ರೂಪಾಯಿ ಮೀರಿದ ಸರಕು ಲಾರಿ ಹತ್ತಿದರೆ ಇ-ವೇ ಬಿಲ್ ಬೇಕು; ಮಾರಾಟದ ಬಿಲ್ಲಿದ್ದು ಇ-ವೇ ಬಿಲ್, ತೂಕದ ಚೀಟಿ, ಲಾರಿ ಬಾಡಿಗೆ ಮೂರೂ ಇಲ್ಲವೆಂದರೆ ಮಾಲು ಗೋದಾಮಿನಿಂದ ಕದಲಿಲ್ಲ.

ಗಿರಾಕಿಯ ಜಿಎಸ್‌ಟಿ ಸಂಖ್ಯೆ ಕೈಗೆ ಸಿಕ್ಕರೆ ಅದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ. ನೋಂದಣಿಯಾದ ದಿನಾಂಕ, ಈಗ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ರಿಟರ್ನ್ ಸಲ್ಲಿಸುತ್ತಿದ್ದಾರೋ ಇಲ್ಲವೋ ಎಲ್ಲ ಯಾರಿಗಾದರೂ ಕಾಣುತ್ತದೆ. ಆ ಹದಿನೈದು ಅಕ್ಷರಗಳಲ್ಲಿ ಮೊದಲೆರಡು ರಾಜ್ಯದ ಸಂಖ್ಯೆ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಬೇರೆ ಬೇರೆ ಹೆಸರಿನ ಎರಡು ಗಿರಾಕಿಗಳ ನಡುವಿನ ಹತ್ತು ಅಕ್ಷರ ಒಂದೇ ಆಗಿದ್ದರೆ ಅವು ಒಬ್ಬರದೇ ಅಂಗಡಿ. ಫೆಬ್ರುವರಿಯಲ್ಲಿ ನೋಂದಣಿಯಾಗಿ ಮಾರ್ಚ್‌ನಲ್ಲಿ 9 ಕೋಟಿ ಮಾಲು ಕೊಂಡು ಜುಲೈಯಲ್ಲಿ ರದ್ದಾದ ಗಿರಾಕಿ ನಿಜವಾದ ವರ್ತಕನಾಗಿರುವುದು ಅಪರೂಪ.

ಹಂತ 5: ದಾಸ್ತಾನನ್ನು ಚೀಲದಲ್ಲಿ ಎಣಿಸಿ

ಅಡಿಕೆ, ಕಾಫಿ, ಮೆಣಸು ವ್ಯವಹಾರದಲ್ಲಿ ಲಾಭ ಉಬ್ಬಿಸಲು ದಾಸ್ತಾನಿಗಿಂತ ಸುಲಭದ ಜಾಗ ಇನ್ನೊಂದಿಲ್ಲ. ಆಖೈರು ದಾಸ್ತಾನು ಒಂದು ಕೋಟಿ ಹೆಚ್ಚು ಬರೆದರೆ ಆ ವರ್ಷದ ಲಾಭ ಒಂದು ಕೋಟಿ ಹೆಚ್ಚುತ್ತದೆ, ಯಾರಿಂದಲೂ ಸಹಿ ಬೇಕಿಲ್ಲ. ಆದರೆ ಅದೇ ಅಂಕಿ ಮುಂದಿನ ವರ್ಷದ ಆರಂಭದ ದಾಸ್ತಾನಾಗಿ ಲಾಭವನ್ನು ಕಚ್ಚುತ್ತದೆ. ಆದ್ದರಿಂದ ಎರಡನೇ ವರ್ಷ ಎರಡು ಕೋಟಿ ಸುಳ್ಳು ಬರೆಯಬೇಕಾಗುತ್ತದೆ, ಮೂರನೇ ವರ್ಷ ಮೂರು. ದಾಸ್ತಾನಿನ ಸುಳ್ಳು ನಿಂತಲ್ಲಿ ನಿಲ್ಲದೆ ಬೆಳೆಯುತ್ತಲೇ ಹೋಗಿ ಸಿಕ್ಕಿಬೀಳುವುದು ಇದರಿಂದ.

ಪರೀಕ್ಷಿಸುವ ಬಗೆ ಹೀಗೆ. ರೂಪಾಯಿಯನ್ನು ಕ್ವಿಂಟಾಲಿಗೆ, ಕ್ವಿಂಟಾಲನ್ನು ಚೀಲಕ್ಕೆ ಇಳಿಸಿ. 18 ಕೋಟಿ ದಾಸ್ತಾನು, ಸರಾಸರಿ ಕ್ವಿಂಟಾಲಿಗೆ 45,000 ರೂಪಾಯಿ ಎಂದಿಟ್ಟುಕೊಳ್ಳಿ: 4,000 ಕ್ವಿಂಟಾಲ್, ಅಂದರೆ 400 ಟನ್. ಚೀಲಕ್ಕೆ 65 ಕಿಲೋ ಹಿಡಿದರೆ ಸುಮಾರು 6,150 ಚೀಲ. ಈಗ ಕಂಪನಿಯ ಗೋದಾಮಿನ ಉದ್ದಗಲ ನೋಡಿ. ಸಾಲಿನ ನಡುವೆ ಓಡಾಡುವ ದಾರಿ ಬಿಟ್ಟು, ಹತ್ತು ಚೀಲ ಎತ್ತರಕ್ಕೆ ಅಟ್ಟಿ ಹಾಕಿದರೂ ನೆಲದ ಮೇಲೆ 615 ಚೀಲದ ಜಾಗ ಬೇಕು. ಅಷ್ಟು ಜಾಗ ಇದೆಯೇ? ಬಾಡಿಗೆ ಗೋದಾಮು ಇದೆ ಎನ್ನುವುದಾದರೆ ಖರ್ಚಿನ ಪಟ್ಟಿಯಲ್ಲಿ ಬಾಡಿಗೆ ಕಾಣಬೇಕು. ವಿಮೆ ಪಾಲಿಸಿ 8 ಕೋಟಿಗೆ ಮಾಡಿಸಿದ್ದು ಪುಸ್ತಕದಲ್ಲಿ 18 ಕೋಟಿ ಇದ್ದರೆ, ಮಾಲೀಕರು ತಮ್ಮ ಸರಕಿನ ಬೆಲೆಯನ್ನು ವಿಮೆ ಕಂಪನಿಗೆ ಹೇಳಿದ್ದು ಒಂದು, ಷೇರುದಾರರಿಗೆ ಹೇಳಿದ್ದು ಇನ್ನೊಂದು.

ಎಣಿಸುವಾಗ ಆಗುವ ತಪ್ಪುಗಳನ್ನೂ ತಿಳಿದಿರಬೇಕು. ಹೊರಸಾಲಿನ ಚೀಲ ಎಣಿಸಿ ಒಳಗೆಲ್ಲ ತುಂಬಿದೆ ಎಂದು ಗುಣಿಸಿದರೆ ನಡುವೆ ಖಾಲಿ ಬಿಟ್ಟದ್ದು ಗೊತ್ತಾಗುವುದಿಲ್ಲ. ಅಟ್ಟಿಯ ಮೇಲೆ ಹತ್ತಿ ನೋಡಬೇಕು, ನಡುವಿನ ಕೆಲವು ಚೀಲ ತೆಗೆಸಬೇಕು. ಕಡಿಮೆ ದರ್ಜೆಯ ಗೊರಬಲು ಅಡಿಕೆ ತುಂಬಿದ ಚೀಲಕ್ಕೆ ‘ಬೆಟ್ಟೆ’ ಅಥವಾ ‘ಸರಕು’ ಎಂಬ ಮೇಲ್ದರ್ಜೆ ಅಡಿಕೆಯ ದರ ಹಾಕುವುದು ಇನ್ನೊಂದು ಮೋಸ; ತಳದ ಸಾಲಿನಿಂದಲೂ ಮಾದರಿ ತೆಗೆದು ತಿಳಿದವರ ಕೈಗೆ ಕೊಡಬೇಕು. ಎರಡು ಗೋದಾಮಿದ್ದರೆ ಎರಡನ್ನೂ ಒಂದೇ ದಿನ ಎಣಿಸಬೇಕು, ಇಲ್ಲವಾದರೆ ರಾತ್ರಿ ಅದೇ ಮಾಲು ಊರು ಬದಲಿಸಿ ಎರಡು ಬಾರಿ ಲೆಕ್ಕಕ್ಕೆ ಬರುತ್ತದೆ. ಬೇರೆಯವರು ಮಾರಾಟಕ್ಕೆಂದು ತಂದಿಟ್ಟ ಅಡಿಕೆಯೂ ಅಲ್ಲೇ ಇರಬಹುದು. ಅದು ಕಂಪನಿಯ ಆಸ್ತಿಯಲ್ಲ.

ನ್ಯಾಯವಾದ ಕಾರಣಗಳನ್ನೂ ತೂಗಿ ನೋಡಿ. ನಮ್ಮಲ್ಲಿ ಕೊಯ್ಲು ಮುಗಿದು ಮಾಲು ಬರುವ ಹೊತ್ತಿಗೇ ಮಾರ್ಚ್ ಬರುವುದರಿಂದ ಆಗ ದಾಸ್ತಾನು ಹೆಚ್ಚಿರುವುದು ಸಹಜ. ಮಾರ್ಚನ್ನು ಮಾರ್ಚಿಗೇ ಹೋಲಿಸಿ, ಸೆಪ್ಟೆಂಬರಿಗಲ್ಲ. ಪೇಟೆ ದರ ಏರಿತೆಂದು ದಾಸ್ತಾನಿನ ಬೆಲೆ ಏರಿಸಿದ್ದೇವೆ ಎಂದರೆ ಮಾತ್ರ ಒಪ್ಪಬೇಡಿ: ವರ್ತಕರ ದಾಸ್ತಾನನ್ನು ಕೊಂಡ ದರ ಅಥವಾ ಮಾರಿದರೆ ನಿವ್ವಳವಾಗಿ ಸಿಗುವ ದರ, ಎರಡರಲ್ಲಿ ಕಡಿಮೆಯದಕ್ಕೆ ಹಿಡಿಯಬೇಕು ಎಂಬುದು ಲೆಕ್ಕದ ನಿಯಮ.

ಹಂತ 6: ಬ್ಯಾಂಕಿನ ಶಿಲ್ಕು ಬ್ಯಾಂಕಿನಲ್ಲಿದೆಯೇ

ವರ್ಷದ ಆರಂಭ ಮತ್ತು ಕೊನೆಯ ಬ್ಯಾಂಕ್ ಶಿಲ್ಕಿನ ಸರಾಸರಿ ತೆಗೆದು, ಲಾಭ-ನಷ್ಟದಲ್ಲಿ ತೋರಿಸಿದ ಬಡ್ಡಿ ಆದಾಯವನ್ನು ಅದರಿಂದ ಭಾಗಿಸಿ. ಸರಾಸರಿ 55 ಕೋಟಿ ಇದ್ದು ಶೇ 6.5ರ ಠೇವಣಿ ಎಂದರೆ ಸುಮಾರು 3.6 ಕೋಟಿ ಬಡ್ಡಿ ಬರಬೇಕು. ತೋರಿಸಿದ್ದು 40 ಲಕ್ಷವಾದರೆ ಆ ಹಣ ಮಾರ್ಚ್ 31ರ ಒಂದು ದಿನದ ಮಟ್ಟಿಗೆ ಬಂದು ಹೋಗಿರಬಹುದು, ಅಥವಾ ಬಂದೇ ಇಲ್ಲದಿರಬಹುದು. ಕೈಯಲ್ಲಿ ಇಷ್ಟು ಹಣವಿದ್ದೂ ಶೇ 11ಕ್ಕೆ ಸಾಲ ಮಾಡುತ್ತಿರುವ ಕಂಪನಿಗೂ ಇದೇ ಪ್ರಶ್ನೆ.

ಈ ಪರೀಕ್ಷೆಗೂ ಮಿತಿಯಿದೆ. ಸತ್ಯಂನಲ್ಲಿ ಇಲ್ಲದ ಠೇವಣಿಗೆ ಇಲ್ಲದ ಬಡ್ಡಿಯನ್ನೂ, 376 ಕೋಟಿಯಷ್ಟು, ಬರೆದಿದ್ದರು. ಅಲ್ಲಿ ಬಿದ್ದ ಬಿರುಕು ಬೇರೆ: ಬ್ಯಾಂಕಿನಿಂದ ಲೆಕ್ಕಪರಿಶೋಧಕರಿಗೆ ನೇರವಾಗಿ ಬರಬೇಕಾದ ದೃಢೀಕರಣ ಪತ್ರಗಳ ಮೇಲೆ ಅವರ ಹಿಡಿತ ಇರಲಿಲ್ಲ, ಕಂಪನಿಯ ಕೈಯಿಂದಲೇ ಹಾದು ಬಂದವು. 2020ರ ಜೂನ್‌ನಲ್ಲಿ ಕುಸಿದ ಜರ್ಮನಿಯ ವೈರ್‌ಕಾರ್ಡ್ ಕೂಡ ಫಿಲಿಪೈನ್ಸ್‌ನ ಬ್ಯಾಂಕುಗಳಲ್ಲಿ ಇದೆಯೆಂದ 190 ಕೋಟಿ ಯೂರೊ ಅಲ್ಲಿರಲಿಲ್ಲ. ನೀವು ಆಡಿಟ್ ಸಮಿತಿಯಲ್ಲೋ ಸಂಘದ ಆಡಳಿತ ಮಂಡಳಿಯಲ್ಲೋ ಇದ್ದರೆ ಒಂದೇ ಕಟ್ಟುನಿಟ್ಟು ಸಾಕು: ದೃಢೀಕರಣ ಕೋರುವ ಪತ್ರವನ್ನು ಆಡಿಟರೇ ಅಂಚೆಗೆ ಹಾಕಬೇಕು, ಉತ್ತರ ಬ್ಯಾಂಕಿನಿಂದ ಅವರ ಕಚೇರಿಗೇ ಬರಬೇಕು.

ಹಂತ 7: ಒಳನಂಟಿನ ವಹಿವಾಟು

‘ರಿಲೇಟೆಡ್ ಪಾರ್ಟಿ’ ಟಿಪ್ಪಣಿ ವರದಿಯ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ನಿರ್ದೇಶಕರ, ಅವರ ಮನೆಯವರ, ಅವರ ಬೇರೆ ಕಂಪನಿಗಳ ಜೊತೆಗಿನ ಕೊಡುಕೊಳ್ಳುವಿಕೆ ಎಲ್ಲ ಇಲ್ಲಿ ಬರಬೇಕು. ಮಲೆನಾಡಿನ ಮಣ್ಣಿನಿಂದಲೇ ಎದ್ದ ಕಾಫಿ ಡೇ ಎಂಟರ್‌ಪ್ರೈಸಸ್ ವಿಷಯದಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ 2023ರ ಜನವರಿಯಲ್ಲಿ ಹೊರಡಿಸಿದ ಆದೇಶ ಓದಿದರೆ ಈ ಟಿಪ್ಪಣಿ ಎಷ್ಟು ಮುಖ್ಯ ಎಂಬುದು ತಿಳಿಯುತ್ತದೆ. ಅದರ ಪ್ರಕಾರ ಏಳು ಅಧೀನ ಕಂಪನಿಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕರಿಗೆ ಸೇರಿದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ಗೆ ಹೋಗಿತ್ತು. ಸೆಬಿ 26 ಕೋಟಿ ದಂಡ ವಿಧಿಸಿತು. ಇಂಥದ್ದನ್ನು ಹೊರಗಿನವರು ಹಿಡಿಯುವುದು ಕಷ್ಟ, ಏಕೆಂದರೆ ಹಣ ಹೋಗುವುದು ಅಧೀನ ಕಂಪನಿಗಳ ಮೂಲಕ. ಆದ್ದರಿಂದ ತಾಯಿ ಕಂಪನಿಯ ಪ್ರತ್ಯೇಕ ಲೆಕ್ಕ ಓದಿ ಮುಗಿಸಬೇಡಿ. ಇಡೀ ಸಮೂಹವನ್ನು ಒಟ್ಟು ಸೇರಿಸಿದ ಕ್ರೋಡೀಕೃತ ಲೆಕ್ಕ ಮತ್ತು ಅಧೀನ ಕಂಪನಿಗಳ ಲೆಕ್ಕ ಎರಡನ್ನೂ ತೆರೆಯಿರಿ. ‘ಮುಂಗಡ’ ಎಂಬ ತಲೆಬರಹದ ಕೆಳಗೆ ವರ್ಷದಿಂದ ವರ್ಷಕ್ಕೆ ಬೆಳೆಯುವ, ಬಡ್ಡಿ ಬಾರದ, ವಾಪಸಾಗದ ಮೊತ್ತ ಹುಡುಕಿ.

ಹಂತ 8: ಸೊಸೈಟಿ, ಸೌಹಾರ್ದ, ಸಹಕಾರಿ ಬ್ಯಾಂಕು

ನಮ್ಮ ಜಿಲ್ಲೆಯ ಹೆಚ್ಚಿನ ಮನೆಗಳ ಹಣ ಷೇರುಪೇಟೆಗಿಂತ ಇಲ್ಲಿಯೇ ಇದೆ. ಮೊದಲು ತಿಳಿಯಬೇಕಾದದ್ದು ವಿಮೆ. ಪಟ್ಟಣ ಸಹಕಾರಿ ಬ್ಯಾಂಕು ಮತ್ತು ಡಿಸಿಸಿ ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ಅಸಲು, ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘ, ಪತ್ತಿನ ಸಹಕಾರಿ, ಸೌಹಾರ್ದ ಸಹಕಾರಿಗಳಿಗೆ ಈ ವಿಮೆ ಇಲ್ಲ. ಬೋರ್ಡಿನ ಮೇಲೆ ‘ಸಹಕಾರಿ’ ಎಂದಿದ್ದ ಮಾತ್ರಕ್ಕೆ ಬ್ಯಾಂಕಲ್ಲ. ಒಂದು ಶೇಕಡಾ ಹೆಚ್ಚು ಬಡ್ಡಿಗೆ ಜೀವಮಾನದ ಉಳಿತಾಯವನ್ನೆಲ್ಲ ಒಂದೇ ಕಡೆ ಇಡುವುದನ್ನು ನಾವು ಯಾರಿಗೂ ಹೇಳುವುದಿಲ್ಲ.

ಸಹಕಾರ ಸಂಸ್ಥೆಗಳಲ್ಲಿ ಸುಳ್ಳು ಅಡಗುವುದು ಸುಸ್ತಿ ಸಾಲದಲ್ಲಿ. ಮುಂಬೈಯ ಪಿಎಂಸಿ ಬ್ಯಾಂಕು ಒಂದೇ ಕಟ್ಟಡ ನಿರ್ಮಾಣ ಸಮೂಹಕ್ಕೆ ಕೊಟ್ಟ ಸುಮಾರು 6,500 ಕೋಟಿ ಸಾಲವನ್ನು 21,000ಕ್ಕೂ ಹೆಚ್ಚು ನಕಲಿ ಖಾತೆಗಳ ಹಿಂದೆ ಮುಚ್ಚಿತ್ತು; 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಠೇವಣಿದಾರರಿಗೆ ಮೊದಲು ತೆಗೆಯಲು ಬಿಟ್ಟದ್ದು 1,000 ರೂಪಾಯಿ. ಸಣ್ಣ ಸಂಘದಲ್ಲಿ ಅಷ್ಟು ಖಾತೆ ಬೇಕಿಲ್ಲ, ಪುಸ್ತಕ ಹೊಂದಾಣಿಕೆ ಸಾಕು. ಹಳೆಯ ಸಾಲ ಮತ್ತು ಬಡ್ಡಿ ಮಾರ್ಚ್ 31ಕ್ಕೆ ವಸೂಲಾಯಿತೆಂದು ಜಮಾ ಬರೆದು, ಅದೇ ದಿನ ಅದೇ ಸದಸ್ಯರಿಗೆ ಅಷ್ಟೇ ಮೊತ್ತದ ಹೊಸ ಸಾಲ ಖರ್ಚು ಬರೆಯುತ್ತಾರೆ. ಒಂದು ರೂಪಾಯಿಯೂ ಕೈ ಬದಲಾಗದೆ ಸುಸ್ತಿ ಅಳಿಸಿಹೋಗುತ್ತದೆ, ಬಡ್ಡಿ ಲಾಭವಾಗುತ್ತದೆ.

ಸೆಪ್ಟೆಂಬರಿನೊಳಗೆ ನಡೆಯುವ ವಾರ್ಷಿಕ ಮಹಾಸಭೆಗೆ ಮುಂಚೆ ವರದಿ ಪುಸ್ತಕ ಕೈಗೆ ಬರುತ್ತದೆ. ಅದರಲ್ಲಿ ಇವಿಷ್ಟು ನೋಡಿ. ‘ಬರತಕ್ಕ ಬಡ್ಡಿ’ ಆಸ್ತಿ ಬದಿಯಲ್ಲಿ ಎಷ್ಟಿತ್ತು, ಎಷ್ಟಾಯಿತು. ಸಾಲ ಶೇ 8 ಹೆಚ್ಚಿ ಬರತಕ್ಕ ಬಡ್ಡಿ ಶೇ 40 ಹೆಚ್ಚಿದರೆ ವಸೂಲಿ ಆಗುತ್ತಿಲ್ಲ. ಜಮಾ-ಖರ್ಚು ತಃಖ್ತೆಯಲ್ಲಿ ಸಾಲ ವಸೂಲಿಯೂ ಹೊಸ ಸಾಲವೂ ಹೆಚ್ಚುಕಡಿಮೆ ಒಂದೇ ಮೊತ್ತವೇ ಎಂದು ನೋಡಿ. ಲೆಕ್ಕಪರಿಶೋಧಕರು ಎತ್ತಿದ ನ್ಯೂನತೆ ಕಳೆದ ವರ್ಷದ್ದೇ ಮತ್ತೆ ಬಂದಿದೆಯೇ, ಅದನ್ನು ಸರಿಪಡಿಸಿದ ಬಗ್ಗೆ ಅನುಪಾಲನಾ ವರದಿ ಕೊಟ್ಟಿದ್ದಾರೆಯೇ ಎಂದು ನೋಡಿ. ಆಡಿಟ್‌ನಲ್ಲಿ ‘ಎ’ ವರ್ಗ ಸಿಕ್ಕಿದೆ ಎಂಬ ಘೋಷಣೆಯೊಂದೇ ಸಾಲದು.

ಸಭೆಯಲ್ಲಿ ‘ಲೆಕ್ಕ ಸರಿಯಿಲ್ಲ’ ಎಂದು ಕೂಗಿದರೆ ಗದ್ದಲವಾಗಿ ವಂದನಾರ್ಪಣೆಗೆ ಹೋಗಿಬಿಡುತ್ತದೆ. ಅಂಕಿ ಕೇಳಬೇಕು: ‘ಕಾರ್ಯದರ್ಶಿಯವರೇ, ಮಾರ್ಚ್ 25ರಿಂದ 31ರವರೆಗೆ ವಸೂಲಾದ ಸಾಲದಲ್ಲಿ ನಗದು ಮತ್ತು ಚೆಕ್ಕಿನಿಂದ ಎಷ್ಟು, ಹೊಂದಾಣಿಕೆಯಿಂದ ಎಷ್ಟು? ಏಪ್ರಿಲ್ ಮೊದಲ ವಾರ ಎಷ್ಟು ಹೊಸ ಸಾಲ ಕೊಟ್ಟಿದ್ದೀರಿ? ನನ್ನ ಪ್ರಶ್ನೆ ಮತ್ತು ನಿಮ್ಮ ಉತ್ತರ ಎರಡನ್ನೂ ನಡಾವಳಿಯಲ್ಲಿ ಬರೆಯಿರಿ.’ ಪ್ರಶ್ನೆಯನ್ನು ಸಭೆಗೆ ಮುಂಚೆಯೇ ಬರೆದು ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಂಡರೆ ಉತ್ತರ ತಪ್ಪಿಸಲು ಆಗುವುದಿಲ್ಲ.

ನಿಮ್ಮದೇ ಖಾತೆಯ ಕಾವಲನ್ನೂ ಮರೆಯಬೇಡಿ. ಪಿಗ್ಮಿ ಕಾರ್ಡಿನಲ್ಲಿ ಏಜೆಂಟರು ಬರೆದುಕೊಟ್ಟ ಮೊತ್ತ ಕಚೇರಿಯ ಲೆಡ್ಜರಿಗೆ ಏರಿದೆಯೇ ಎಂದು ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್ ಮುದ್ರಿಸಿ ನೋಡಿ. ಎಫ್‌ಡಿ ರಸೀದಿಗೆ ಮುದ್ರಿತ ಕ್ರಮಸಂಖ್ಯೆ ಇರಬೇಕು. ಖಾಲಿ ಚೀಟಿಗೆ, ಖಾಲಿ ಸಾಲಪತ್ರಕ್ಕೆ ಯಾರ ಮುಲಾಜಿಗೂ ಸಹಿ ಹಾಕಬೇಡಿ. ಹೆಸರಿಗಷ್ಟೇ ಇರುವ ಸಾಲಗಳು ಹುಟ್ಟುವುದು ಅಂಥ ಸಹಿಗಳಿಂದ.

ಹಂತ 9: ಅನುಮಾನ ಗಟ್ಟಿಯಾದರೆ

ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮಾನನಷ್ಟದ ಮಾತು ಹಾಗಿರಲಿ, ನಿಮ್ಮ ಲೆಕ್ಕ ತಪ್ಪಿದ್ದರೆ ಆರೋಗ್ಯವಾಗಿರುವ ಸಂಘದಿಂದಲೂ ಎಲ್ಲರೂ ಒಮ್ಮೆಲೇ ಠೇವಣಿ ತೆಗೆಯಲು ಓಡಿ, ಒಳ್ಳೆಯ ಸಂಸ್ಥೆಯೇ ಮುಳುಗಬಹುದು. ಎರಡು ಪುಟದಲ್ಲಿ ಬರೆಯಿರಿ: ಯಾವ ವರ್ಷದ ವರದಿಯ ಯಾವ ಪುಟ, ಯಾವ ಅಂಕಿ, ಅದು ಯಾವ ಹೊರಗಿನ ದಾಖಲೆಗೆ ತಾಳೆಯಾಗುತ್ತಿಲ್ಲ. ಇಂಥವರು ಕಳ್ಳರು ಎಂಬ ತೀರ್ಪು ಬೇಡ, ಅಂಕಿ ಸಾಕು. ದಾಖಲೆಯ ನಕಲು ಲಗತ್ತಿಸಿ.

ಷೇರುಪೇಟೆಯ ಕಂಪನಿಯಾದರೆ ದೂರು ಕೊಡಬೇಕಾದದ್ದು ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ. ಕಂಪನಿ 21 ದಿನದೊಳಗೆ ಉತ್ತರಿಸಬೇಕು. ಪಟ್ಟಿಯಾಗದ ಕಂಪನಿಯಾದರೆ ಬೆಂಗಳೂರಿನ ಕಂಪನಿಗಳ ರಿಜಿಸ್ಟ್ರಾರ್. ಗಂಭೀರವೆನಿಸಿದರೆ ಕೇಂದ್ರ ಸರ್ಕಾರ ಎಸ್‌ಎಫ್‌ಐಒ (ಗಂಭೀರ ವಂಚನೆಗಳ ತನಿಖಾ ಕಚೇರಿ) ತನಿಖೆಗೆ ಒಪ್ಪಿಸಬಹುದು. 2013ರ ಕಂಪನಿ ಕಾಯ್ದೆಯ 447ನೇ ಕಲಮಿನಡಿ ದೊಡ್ಡ ಮೊತ್ತದ ವಂಚನೆಗೆ ಆರು ತಿಂಗಳಿಂದ ಹತ್ತು ವರ್ಷ ಸೆರೆ, ಸಾರ್ವಜನಿಕ ಹಿತ ಅಡಗಿದ್ದರೆ ಕನಿಷ್ಠ ಮೂರು ವರ್ಷ. ದಂಡ ವಂಚಿಸಿದ ಮೊತ್ತಕ್ಕಿಂತ ಕಡಿಮೆಯಾಗುವಂತಿಲ್ಲ, ಮೂರು ಪಟ್ಟಿನವರೆಗೂ ಹೋಗಬಹುದು. ದೊಡ್ಡ ಕಂಪನಿಗಳ ಲೆಕ್ಕಪರಿಶೋಧಕರ ಮೇಲಿನ ದೂರಿಗೆ ಎನ್‌ಎಫ್‌ಆರ್‌ಎ (ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ) ಇದೆ.

ಸಹಕಾರ ಸಂಘವಾದರೆ ಮೊದಲು ಆಡಳಿತ ಮಂಡಳಿಗೆ ಬರಹದಲ್ಲಿ, ಉತ್ತರ ಬಾರದಿದ್ದರೆ ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ, ನಂತರ ಉಪ ನಿಬಂಧಕರಿಗೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನಡಿ ವಿಚಾರಣೆ, 69ನೇ ಕಲಮಿನಡಿ ನಷ್ಟವನ್ನು ತಪ್ಪಿತಸ್ಥರಿಂದ ವಸೂಲು ಮಾಡುವ ಆದೇಶ ಸಾಧ್ಯ. ಸೌಹಾರ್ದಗಳಿಗೆ 1997ರ ಪ್ರತ್ಯೇಕ ಕಾಯ್ದೆ ಇದೆ, ದೂರು ಬರೆಯುವಾಗ ಕಲಮು ಅದರದ್ದೇ ಹಾಕಿ. ನೋಂದಣಿಯೇ ಇಲ್ಲದೆ ಠೇವಣಿ ಎತ್ತುವವರ ಬಗ್ಗೆ ರಿಸರ್ವ್ ಬ್ಯಾಂಕಿನ ಸಚೇತ್ ಪೋರ್ಟಲ್‌ಗೆ, ಜೊತೆಗೆ ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ದೂರು ಕೊಡಿ.

ಕಂಪನಿಯ ಒಳಗೇ ಲೆಕ್ಕ ಬರೆಯುವವರಿಗೆ ಒಂದು ಮಾತು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯೂ ದಿನಾಂಕದ ಸಮೇತ ದಾಖಲಾಗಬೇಕು, ಆ ದಾಖಲೆಯನ್ನು ಬಂದ್ ಮಾಡುವಂತಿಲ್ಲ. ಹಿಂದಿನ ತಾರೀಖಿಗೆ ವೋಚರ್ ಹಾಕು ಎಂದು ಮೇಲಿನವರು ಬಾಯಿಮಾತಿನಲ್ಲಿ ಹೇಳಿದರೂ ಲಾಗಿನ್ ನಿಮ್ಮ ಹೆಸರಿನದ್ದೇ ಆಗಿರುತ್ತದೆ. ಸೂಚನೆಯನ್ನು ಇಮೇಲ್‌ನಲ್ಲಿ ಕೊಡಿ ಎಂದು ಕೇಳಿ. ಕೊಡದಿದ್ದರೆ ನಮೂದು ಮಾಡಬೇಡಿ.